ಚೀಟಿ ಚಿಕ್ಕದಾಯಿತು

ಎಂಬತ್ತರ ದಶಕದ ಕೊನೆಗೆ ನಾನು ಬೆಂಗಳೂರಿನ ಮತ್ತಿಕೆರೆಯ ಔಷಧಿ ಅಂಗಡಿಯೊಂದರ ಕೌಂಟರಿಗೆ ಸೇರಿದಾಗ, ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ಬರೆದುಕೊಡುತ್ತಿದ್ದ ಚೀಟಿ ಮೊಳದುದ್ದ ಇರುತ್ತಿತ್ತು. ಹತ್ತಿ ಸುರುಳಿ, ಗಾಜ್ ಬಟ್ಟೆ, ಕ್ಯಾಟ್‌ಗಟ್ ದಾರ, ಮೂಗಿನಿಂದ ಇಳಿಸುವ ರೈಲ್ಸ್ ಟ್ಯೂಬ್, ಡ್ರಿಪ್ ಬಾಟಲಿ, ಹೊಟ್ಟೆಗೆ ಬಿಗಿಯುವ ಅಗಲದ ಬೆಲ್ಟು. ಎಲ್ಲ ತುಂಬಿಕೊಡಲು ದೊಡ್ಡ ರಟ್ಟಿನ ಪೆಟ್ಟಿಗೆಯೇ ಬೇಕಾಗುತ್ತಿತ್ತು.

ಹತ್ತಿರದ ರಾಮಯ್ಯ ವೈದ್ಯಕೀಯ ಕಾಲೇಜು ಶುರುವಾದದ್ದು 1979ರಲ್ಲಿ. ಅದರ ಆಸ್ಪತ್ರೆ ಬೆಳೆದಂತೆ, ಬಿಇಎಲ್ ಮತ್ತು ಎಚ್‌ಎಂಟಿ ನೌಕರರು ಮನೆ ಮಾಡಿಕೊಂಡಿದ್ದ ಈ ಕಡೆಗೆ ತುಮಕೂರು, ಗೌರಿಬಿದನೂರಿನ ಜನ ಯಶವಂತಪುರದಲ್ಲಿ ರೈಲಿಳಿದು ಬರತೊಡಗಿದರು. ಬಂದವರು ಬೇಗ ಹೋಗುತ್ತಿರಲಿಲ್ಲ. ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ದ ಹೊಟ್ಟೆ ಕೂಡುವವರೆಗೆ ವಾರವೋ ಹತ್ತು ದಿನವೋ ಠಿಕಾಣಿ. ಅಷ್ಟರಲ್ಲಿ ರೋಗಿಯ ಕಡೆಯವರೆಲ್ಲ ನಮಗೆ ನೆಂಟರಾಗಿಬಿಡುತ್ತಿದ್ದರು. "ಗಾಳಿ ಹೋಯ್ತೇನಮ್ಮ?" ಎಂದು ನಾವೇ ಕೇಳುತ್ತಿದ್ದೆವು. ಕರುಳು ಕೆಲಸ ಶುರುಮಾಡಿತೆಂಬುದಕ್ಕೆ ಅದೇ ಗುರುತು. "ಹೋಯ್ತಣ್ಣ, ಗಂಜಿ ಕೊಡಿ ಅಂದ್ರು ಡಾಕ್ಟ್ರು" ಎಂದು ಹೇಳುವಾಗ ಯಾರಿಗೂ ನಾಚಿಕೆಯಿರಲಿಲ್ಲ. ಕಲ್ಲುಗಳನ್ನು ಸಣ್ಣ ಬಾಟಲಿಗೆ ಹಾಕಿಸಿಕೊಂಡು ಬಂದು ತೋರಿಸಿದವರೂ ಉಂಟು.

ಜರ್ಮನಿಯ ಡಾ. ಎರಿಕ್ ಮ್ಯೂಹೆ ಸಣ್ಣ ತೂತಿನ ಲ್ಯಾಪರೊಸ್ಕೋಪಿಯಿಂದ ಪಿತ್ತಕೋಶ ತೆಗೆದದ್ದು 1985ರಲ್ಲಿ. ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ತನ್ ಉದ್ವಾಡಿಯಾ ಅದನ್ನು ನಮ್ಮ ದೇಶಕ್ಕೆ ತಂದದ್ದು 1990ರಲ್ಲಿ. ಮುಂದಿನ ವರ್ಷಗಳಲ್ಲಿ ನಮ್ಮ ಕೌಂಟರಿಗೂ "ಲೇಸರ್ ಆಪರೇಷನ್ ಅಂತೆ" ಎಂಬ ಮಾತು ಬಂತು. ಅದರಲ್ಲಿ ಲೇಸರ್ ಏನೂ ಇಲ್ಲ. ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸಿ, ಹೊಕ್ಕುಳ ಹತ್ತಿರ ಕ್ಯಾಮೆರಾ ಇಳಿಸಿ, ಟೀವಿ ನೋಡುತ್ತ ಇನ್ನೆರಡು ಮೂರು ತೂತಿನಿಂದ ಕೆಲಸ ಮುಗಿಸುತ್ತಾರೆ. ಜನಕ್ಕೆ ಮೊದಲು ನಂಬಿಕೆ ಬರಲಿಲ್ಲ. "ನಾಲ್ಕು ತೂತಿಗೆ ಇಷ್ಟೊಂದು ದುಡ್ಡೇ?" ಎಂದು ಅಜ್ಜಿಯೊಬ್ಬರು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಕೊಯ್ದಷ್ಟೂ ಕೂಲಿ ಎಂಬ ಲೆಕ್ಕ ಅವರದು. ಒಳಗೆ ಅಂಗಗಳು ಅಂಟಿಕೊಂಡಿದ್ದರೆ, ರಕ್ತ ನಿಲ್ಲದಿದ್ದರೆ ಇವತ್ತಿಗೂ ಹೊಟ್ಟೆ ತೆರೆಯಲೇಬೇಕು. ಅದು ಸೋಲಲ್ಲ, ವಿವೇಕ. ಆದರೆ ಹೆಚ್ಚಿನವರು ಮರುದಿನವೋ ಅದರ ಮರುದಿನವೋ ಆಟೋ ಹತ್ತುತ್ತಾರೆ. ಅವರ ಹೆಸರು ಕೇಳಿಕೊಳ್ಳುವಷ್ಟು ಹೊತ್ತೂ ನಮಗೆ ಸಿಗುವುದಿಲ್ಲ.

ನಳಿಗೆ ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿಗೆ ಜನ ಬೇಗ ಒಗ್ಗಿದರು. ದೊಡ್ಡ ಕರುಳು ನೋಡಿಸಿಕೊಳ್ಳುವವರು ಮಾತ್ರ ಹೊಟ್ಟೆ ತೊಳೆಯುವ ಪುಡಿಯನ್ನು ಪಿಸುಮಾತಿನಲ್ಲಿ ಕೇಳುತ್ತಾರೆ, ಎರಡು ಲೀಟರ್ ನೀರಿಗೆ ಕಲಸಿ ಕುಡಿಯಬೇಕೆಂದರೆ ಮುಖ ಸಪ್ಪೆಯಾಗುತ್ತದೆ. ನೋಡಲು ಹೋದ ನಳಿಗೆಯಿಂದಲೇ ಅಲ್ಲಿನ ಗಂಟನ್ನೂ ಕತ್ತರಿಸಿ ತರುತ್ತಾರೆಂದು ಹೇಳಿದರೆ ಸ್ವಲ್ಪ ಸಮಾಧಾನ.

ಹೃದಯದ್ದು ಇನ್ನೊಂದು ಕತೆ. ಜೂರಿಕ್‌ನಲ್ಲಿ ಡಾ. ಗ್ರುಂಟ್ಸಿಗ್ ಬಲೂನ್ ಊದಿಸಿ ಹೃದಯದ ರಕ್ತನಾಳ ಬಿಡಿಸಿದ್ದು 1977ರಲ್ಲಿ. ನಾನು ಕಂಡ ಮೊದಲ ರೋಗಿಗಳಿಗೆ ತೊಡೆಯಲ್ಲಿ ತೂತು, ಅದರ ಮೇಲೆ ಮರಳಿನ ಚೀಲ, ಗಂಟೆಗಟ್ಟಲೆ ಕಾಲು ಮಡಚುವ ಹಾಗಿಲ್ಲ. ಈಗ ಬಹುಪಾಲು ಮಣಿಕಟ್ಟಿನಿಂದಲೇ ಆಗುತ್ತದೆ. 2017ರ ಫೆಬ್ರುವರಿಯಲ್ಲಿ ಸರ್ಕಾರ ರಕ್ತನಾಳ ಮತ್ತೆ ಮುಚ್ಚದಂತೆ ಅದರೊಳಗೆ ಕೂರಿಸುವ ಔಷಧ ಲೇಪಿತ ಸ್ಟೆಂಟಿಗೆ ತೆರಿಗೆ ಬಿಟ್ಟು 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮುಂಚೆ ಸ್ಟೆಂಟೊಂದಕ್ಕೇ ಲಕ್ಷ ದಾಟಿದ ಬಿಲ್ಲು ಹಿಡಿದು ಸಾಲ ಹುಡುಕುತ್ತಿದ್ದವರನ್ನು ನಾನು ಕಂಡಿದ್ದೇನೆ. ನನ್ನ ಕಾಲದಲ್ಲಿ ಕಂಡ ಒಳ್ಳೆಯ ಸರ್ಕಾರಿ ಆದೇಶಗಳಲ್ಲಿ ಅದೊಂದು.

ತೂತು ಸಣ್ಣದಾದಷ್ಟೂ ಕಾಯಿಲೆಯೂ ಸಣ್ಣದೆಂದು ಜನ ತಿಳಿಯುತ್ತಾರೆ, ಅದೇ ನನ್ನ ಭಯ. "ನೋಡಿ, ಗಾಯಾನೇ ಇಲ್ಲ, ಈ ಮಾತ್ರೆ ಇನ್ನೂ ಬೇಕಾ?" ಎಂದು ಮಣಿಕಟ್ಟು ಚಾಚಿ ಕೇಳುವವರು ಈಗಲೂ ಬರುತ್ತಾರೆ. ಬೇಕು ಸ್ವಾಮಿ, ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಮಧ್ಯದಲ್ಲಿ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತ ಆಗಬಹುದು. ದುಡ್ಡು ಉಳಿಸಲೆಂದಾಗಲಿ, ಹಲ್ಲು ಕೀಳಿಸಲೆಂದಾಗಲಿ, ನಿಮ್ಮ ಹೃದಯದ ಡಾಕ್ಟರನ್ನು ಕೇಳದೆ ಆ ಮಾತ್ರೆ ನಿಲ್ಲಿಸಬೇಡಿ.