ಹಿಂಗಾಲಿನ ಕಾರು, ಕಾಫಿ ತೋಟದ ದಾರಿ

ಮೂಡಿಗೆರೆ ಪೇಟೆ ದಾಟಿ ಕೊಟ್ಟಿಗೆಹಾರದ ಕಡೆ ಹೊರಟ ವಾಹನಕ್ಕೆ ನೇರ ರಸ್ತೆಯ ಸುಖ ಹೆಚ್ಚು ಹೊತ್ತು ದಕ್ಕುವುದಿಲ್ಲ. ಒಂದು ತಿರುವು ಮುಗಿಯುವುದರೊಳಗೆ ಇನ್ನೊಂದು ಎದುರಾಗುತ್ತದೆ. ಎರಡೂ ಬದಿಗೆ ಸಿಲ್ವರ್ ಓಕ್ ಮರಗಳು, ಅವುಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಡಾಂಬರು ಬಿಟ್ಟು ತೋಟದೊಳಗಿನ ಮಣ್ಣಿನ ದಾರಿಗೆ ಇಳಿದರಂತೂ ಒಂದು ಜೀಪು ಹೋಗುವಷ್ಟೇ ಅಗಲ. ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ಚರಂಡಿ, ಇಲ್ಲವೆ ಕಣಿವೆ. ಎಷ್ಟು ಅಶ್ವಶಕ್ತಿಯ ಕಾರು ಎಂಬ ಜಂಬ ಇಲ್ಲಿ ನಡೆಯುವುದಿಲ್ಲ. ಪರೀಕ್ಷೆಗೆ ಒಳಗಾಗುವುದು ಕಾರಿನ ತೂಕ ಮತ್ತು ನಡೆಸುವವನ ಸಂಯಮ.

ಸ್ಪೋರ್ಟ್ಸ್ ಕಾರಿನ ಗುಣ ನೋಡಬೇಕೆನ್ನುವವರು ಸಾಮಾನ್ಯವಾಗಿ ಚೆನ್ನೈ ಬಳಿಯ ಇರುಂಗಟ್ಟುಕೋಟೈಗೋ ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೋ ಹೋಗುತ್ತಾರೆ. ಕಾಫಿ ಸೀಮೆಗೆ ಅಂಥ ಟ್ರ್ಯಾಕ್ ಇಲ್ಲ. ಇಲ್ಲಿನ ಟ್ರ್ಯಾಕ್ ಎಂದರೆ ತೋಟದ ದಾರಿಯೇ. 2016ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಸುತ್ತಮುತ್ತ ನಡೆದ ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಷಿಪ್ ರ‍್ಯಾಲಿ ಇಂಥ ದಾರಿಗಳಲ್ಲೇ ಓಡಿತು. ಗೌರವ್ ಗಿಲ್ ಸ್ಕೋಡಾ ಫೇಬಿಯಾದಲ್ಲಿ ಗೆದ್ದರು. ಆ ವರ್ಷದ ಏಷ್ಯಾ-ಪೆಸಿಫಿಕ್ ಚಾಂಪಿಯನ್ ಕೂಡ ಅವರೇ. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಮೋಟಾರು ಕ್ರೀಡೆಗೆ ಆ ಗೌರವ ಸಂದದ್ದು ಅದೇ ಮೊದಲು.

ಗಿಲ್ ಅವರ ಕಾರು ನಾಲ್ಕು ಚಕ್ರಗಳಿಗೂ ಶಕ್ತಿ ಹರಿಸುವಂಥದ್ದು. ಕಾಲು ಊರಲು ನಾಲ್ಕು ಕಡೆ ಆಸರೆ ಇದ್ದರೆ ಜಾರುವ ಭಯ ಕಡಿಮೆ. ಆದರೆ ಇದೇ ದಾರಿಯಲ್ಲಿ ಹಗುರವಾದ, ಹಿಂದಿನ ಎರಡೇ ಚಕ್ರಗಳಿಂದ ಓಡುವ ಕಾರನ್ನು ನಡೆಸುವುದಿದೆಯಲ್ಲ, ಅದರ ಮಜವೇ ಬೇರೆ, ಕಷ್ಟವೂ ಬೇರೆ. ಏರಿನಲ್ಲಿ ಕಾರಿನ ಭಾರ ಹಿಂದಕ್ಕೆ ವಾಲುತ್ತದೆ. ತಳ್ಳುವ ಚಕ್ರಗಳು ಅಲ್ಲೇ ಇರುವುದರಿಂದ ನೆಲಕ್ಕೆ ಹಿಡಿತ ಸಿಗುತ್ತದೆ. ಮುಂದಿನ ಚಕ್ರಗಳಿಗೆ ತಿರುಗುವುದೊಂದೇ ಕೆಲಸ. ಅದೇ ಏರಿನಲ್ಲಿ ಮುಂಗಾಲಿನ ಕಾರು ಚಕ್ರ ಗಿರ್ರನೆ ತಿರುಗಿಸುತ್ತಾ ಕಲ್ಲು ಹಾರಿಸುವುದನ್ನು ತೋಟದವರು ಎಷ್ಟೋ ಸಲ ನೋಡಿದ್ದಾರೆ.

ಇಳಿಜಾರಿನಲ್ಲಿ ಲೆಕ್ಕ ತಿರುವುಮುರುವು. ಭಾರ ಮುಂದಕ್ಕೆ ಬಂದು ಹಿಂಭಾಗ ಹಗುರಾಗುತ್ತದೆ. ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿನ ಹಿಡಿತ ಹಿಂದಿನ ಚಕ್ರಗಳ ಮೇಲೇ ಬಿದ್ದು, ಬಾಲ ಹೊರಕ್ಕೆ ಬೀಸುತ್ತದೆ. ಆಗ ಸ್ಟೀರಿಂಗನ್ನು ಬಾಲ ಹೋದ ಕಡೆಗೇ ತಿರುಗಿಸಿ, ಕಾಲನ್ನು ಮೆಲ್ಲಗೆ ಒತ್ತಬೇಕು. ಓದಲು ಸುಲಭ, ಕೆಮ್ಮಣ್ಣಿನ ಮೇಲೆ ಗುಂಡುಗಲ್ಲು ಹರಡಿದ ಇಳಿಜಾರಿನಲ್ಲಿ ಬುದ್ಧಿ ಹೇಳಿದ್ದನ್ನು ಕಾಲು ಕೇಳುವುದಿಲ್ಲ. ರ‍್ಯಾಲಿಗೆ ಮುಂಚೆ ಸ್ಪರ್ಧೆಯ ದಾರಿಯನ್ನೇ ಹೋಲುವ ಒಂದು ತುಂಡು ರಸ್ತೆಯಲ್ಲಿ ಕಾರುಗಳನ್ನು ಓಡಿಸಿ ನೋಡುತ್ತಾರೆ. ಸ್ಪ್ರಿಂಗು ಗಟ್ಟಿಯಾಯಿತೆ, ಟೈರು ಕಚ್ಚುತ್ತದೆಯೆ ಎಂಬುದೆಲ್ಲ ತಿಳಿಯುವುದು ಅಲ್ಲಿ. ಹಗುರ ಕಾರು ಬೇಗ ನಿಲ್ಲುತ್ತದೆ, ಬೇಗ ತಿರುಗುತ್ತದೆ, ಟೈರನ್ನೂ ಕಡಿಮೆ ತಿನ್ನುತ್ತದೆ.

ಹೊರದೇಶಗಳಲ್ಲಿ ಈ ಜಾತಿಯ ಕಾರಿಗೆ ದೊಡ್ಡ ಚರಿತ್ರೆಯೇ ಇದೆ. ಜಪಾನಿನ ಮಜ್ದಾ 1989ರಲ್ಲಿ ಹೊರತಂದ ಪುಟ್ಟ ಎಂಎಕ್ಸ್-5 ಜಗತ್ತಿನ ತುಂಬ ಮಾರಾಟವಾಯಿತು. ನಮ್ಮ ಜನಕ್ಕೆ ಮಜ್ದಾ ಎಂದರೆ ಬಹುಕಾಲ ಸ್ವರಾಜ್ ಮಜ್ದಾ ಮಿನಿ ಲಾರಿ! ಅದಕ್ಕೂ ಮೊದಲು, 1983ರಲ್ಲಿ, ಇಟಲಿಯ ಲಾನ್ಸಿಯಾ 037 ಎಂಬ ಹಿಂಗಾಲಿನ ಕಾರು, ನಾಲ್ಕು ಚಕ್ರದ ಬಲವಿದ್ದ ಆಡಿ ಕ್ವಾಟ್ರೊವನ್ನು ಹಿಂದಿಕ್ಕಿ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ತಯಾರಕರ ಪಟ್ಟ ಗೆದ್ದಿತು. ಹಿಂಗಾಲಿನ ಕಾರೊಂದು ಆ ಪಟ್ಟ ಗೆದ್ದದ್ದು ಅದೇ ಕೊನೆ.

ಮಲೆನಾಡಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಅಂಬಾಸಿಡರ್, ಪದ್ಮಿನಿ ಎರಡೂ ಹಿಂಗಾಲಿನ ಕಾರುಗಳೇ. ಸಾವಿರ ಸಿಸಿಗಿಂತ ತುಸು ದೊಡ್ಡ ಎಂಜಿನ್ನಿನ ಪದ್ಮಿನಿ, ಮನೆಮಂದಿಯನ್ನೆಲ್ಲ ತುಂಬಿಕೊಂಡು ಘಟ್ಟ ಹತ್ತಿದ ಕಥೆ ಹಳೆಯ ತೋಟದ ಮನೆಗಳಲ್ಲಿ ಈಗಲೂ ಕೇಳಸಿಗುತ್ತದೆ. ಮಾರುತಿ ಜಿಪ್ಸಿ ಕೂಡ ಮಾಮೂಲು ದಾರಿಯಲ್ಲಿ ಹಿಂಗಾಲಿನದೇ. ಲಿವರ್ ಎಳೆದರೆ ಮಾತ್ರ ನಾಲ್ಕೂ ಚಕ್ರ. ಒಂದು ಟನ್ನಿನ ಆಸುಪಾಸಿನ ಈ ಗಾಡಿ ಒಂದು ಕಡೆ ಕಾಫಿ ಮೂಟೆ ಹೊತ್ತಿತು, ಇನ್ನೊಂದು ಕಡೆ ರ‍್ಯಾಲಿ ಓಡಿತು.

ಹಗುರತನದ ಬೆಲೆ ಏನೆಂದು ಚಾರ್ಮಾಡಿ ಘಾಟಿ ಇನ್ನೊಂದು ರೀತಿಯಲ್ಲಿ ತೋರಿಸಿತು. 2019ರ ಆಗಸ್ಟ್ ಮಳೆಗೆ ಅಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಮತ್ತೆ ತೆರೆದಾಗ ಮೊದಲು ದಾರಿ ಸಿಕ್ಕಿದ್ದು ಲಘು ವಾಹನಗಳಿಗೆ. ಅದೇ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಮನೆಗಳೇ ಹೋದವು. ಇಂಥ ನೆಲದ ಸಾರ್ವಜನಿಕ ರಸ್ತೆಯನ್ನು, ಬಸ್ಸು, ಆಂಬುಲೆನ್ಸ್ ಓಡಾಡುವ ದಾರಿಯನ್ನು, ವಾರಾಂತ್ಯದ ರೇಸಿಗೆ ಬಳಸುವ ನಗರದ ಹುಡುಗರಿಗೆ ಎರಡು ಮಾತು ಬೈದರೆ ತಪ್ಪಲ್ಲ.

ತೋಟದ ದಾರಿಯಾದರೂ ಎರವಲು ತಂದದ್ದೇ. ಮಳೆ ನಿಂತು, ಅರೇಬಿಕಾ ಕೊಯ್ಲು ಬಿರುಸಾಗುವ ಮುನ್ನ ಸಿಗುವ ಕೆಲವೇ ದಿನಗಳಲ್ಲಿ ರ‍್ಯಾಲಿ ಮುಗಿಯಬೇಕು. ಒಂದೇ ತಿರುವಿನಲ್ಲಿ ಹತ್ತಾರು ಕಾರು ಹಾದರೆ ಮಣ್ಣು ಕಿತ್ತು ಗಾಡಿಜಾಡು ಆಳವಾಗುತ್ತದೆ, ಕಲ್ಲೆಲ್ಲ ಚರಂಡಿ ಸೇರುತ್ತದೆ. ಹಣ್ಣು ತುಂಬಿದ ಟ್ರ್ಯಾಕ್ಟರು ಮರುವಾರ ಅಲ್ಲೇ ಬರಬೇಕಲ್ಲ. ಚರಂಡಿ ಬಿಡಿಸಿ ದಾರಿ ಸಮ ಮಾಡುವ ಕೆಲಸ ತೋಟದವರ ಪಾಲಿಗೇ.

ನೋಡಲು ಹೋಗುವವರು ದಾರಿ ಮುಚ್ಚುವ ಮೊದಲೇ ತಲುಪಬೇಕು. ಮೊದಲ ಕಾರು ಬರುವ ಬಹಳ ಮುಂಚೆಯೇ ತಡೆ ಬೀಳುತ್ತದೆ. ನಿಲ್ಲಬೇಕಾದದ್ದು ತಿರುವಿನ ಒಳಬದಿಯ ಎತ್ತರದ ಧರೆಯ ಮೇಲೆ, ಅದೂ ಕಾವಲಿನವರು ತೋರಿಸಿದ ಜಾಗದಲ್ಲಿ. ಹೊರಬದಿಯಲ್ಲಿ ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಆದರೆ ಹಿಡಿತ ತಪ್ಪಿದ ಕಾರೂ ಅಲ್ಲಿಗೇ ಬರುತ್ತದೆ.