ಗುದ್ದಲಿ ಹಾಕದ ಜಾಗ

ಒಂದೇ ಒಂದು ಸಾಲಿನ ಬದಲಾವಣೆ. ಕೆಂಪಿನಲ್ಲಿ ಹಳೇ ಸಾಲು, ಹಸಿರಿನಲ್ಲಿ ಹೊಸ ಸಾಲು. ಹಳೇದರಲ್ಲಿ ‘ಪಿಟಿ ರೆಗ್ಸ್’ ಅಂತಿದ್ದದ್ದು ಹೊಸದರಲ್ಲಿ ‘ಎಫ್‌ಟ್ರೇಸ್ ರೆಗ್ಸ್’ ಆಗಿತ್ತು. ಬಿಲ್ಡ್ ಆಗಿದೆ, ಟೆಸ್ಟ್‌ಗಳೆಲ್ಲ ಪಾಸ್. ಮಧ್ಯಾಹ್ನ ಊಟಕ್ಕೆ ಏಳೋ ಹೊತ್ತು. ಒಂದು ನಿಮಿಷ ಕಣ್ಣಾಡಿಸಿ, ಅಪ್ರೂವ್ ಒತ್ತಿ ಎದ್ದೆ. ಪ್ಯಾಚ್‌ನ ಕೆಳಗೆ ‘ರಿವ್ಯೂಡ್ ಬೈ’ ಅಂತ ನನ್ನ ಹೆಸರು ಬಂದು ಕೂತಿತು. ಆ ಒಂದು ನಿಮಿಷದ ಸಾಲ ಇನ್ನೂ ತೀರಿಲ್ಲ.

ಕರ್ನಲ್ ಕಡೆ ತಲೆ ಹಾಕದವರಿಗೆ ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಲಿನಕ್ಸ್ ಕರ್ನಲ್‌ನಲ್ಲಿ ಎಫ್‌ಟ್ರೇಸ್ ಅನ್ನೋ ವ್ಯವಸ್ಥೆ ಇದೆ. ಮುಖ್ಯವಾಗಿ ಸ್ಟೀವನ್ ರೋಸ್ಟೆಡ್ ಬರೆದದ್ದು, 2008ರಲ್ಲಿ 2.6.27ನೇ ಆವೃತ್ತಿಯ ಜೊತೆ ಬಂತು. ಯಾವ ಫಂಕ್ಷನ್ ಯಾವಾಗ ಓಡಿತು ಅಂತ ಹಿಂಬಾಲಿಸೋದು ಇದರ ಕೆಲಸ. ಕಂಪೈಲ್ ಮಾಡುವಾಗಲೇ ಹೆಚ್ಚುಕಮ್ಮಿ ಪ್ರತಿ ಫಂಕ್ಷನ್ನಿನ ಬಾಗಿಲಲ್ಲೂ ಒಂದು ಪುಟ್ಟ ಕರೆ ಸೇರಿಸಿರ್ತಾರೆ. ಮಷೀನ್ ಬೂಟ್ ಆಗುವಾಗ ಅವನ್ನೆಲ್ಲ ‘ನಾಪ್’ ಮಾಡಿಬಿಡುತ್ತೆ, ಅಂದ್ರೆ ಏನೂ ಮಾಡದ ಸೂಚನೆ. ಇಂಟೆಲ್ ಥರದ ಪ್ರೊಸೆಸರ್‌ನಲ್ಲಿ ಅದು ಐದು ಬೈಟ್. ಟ್ರೇಸ್ ಮಾಡಬೇಕು ಅಂದಾಗ, ಓಡ್ತಿರೋ ಕರ್ನಲ್‌ನಲ್ಲೇ ಆ ಐದು ಬೈಟ್ ಅಳಿಸಿ ಮತ್ತೆ ಕರೆ ಬರೀಬೇಕು. ಅದೇ ಕ್ಷಣಕ್ಕೆ ಇನ್ನೊಂದು ಕೋರ್ ಅರ್ಧ ಹಳೇದು, ಅರ್ಧ ಹೊಸದು ಓದಿದರೆ ಕಥೆ ಮುಗೀತು. ಅದಕ್ಕೇ ಮೊದಲನೇ ಬೈಟ್‌ಗೆ ಬ್ರೇಕ್‌ಪಾಯಿಂಟ್ ಇಟ್ಟು, ಎಲ್ಲ ಕೋರ್‌ಗಳಿಗೂ ಸುದ್ದಿ ಮುಟ್ಟಿಸಿ, ಉಳಿದ ನಾಲ್ಕನ್ನು ಬರೆದು, ಕಡೆಗೆ ಮೊದಲನೇದನ್ನು ಸರಿಮಾಡ್ತಾರೆ.

ಈ ಕೋಡ್ ಎಷ್ಟು ಹುಷಾರಿ ಬೇಡುತ್ತೆ ಅನ್ನೋಕೆ 2008ರ ಕಥೆಯೇ ಸಾಕು. 2.6.27 ಇನ್ನೂ ಪರೀಕ್ಷೆಯ ಹಂತದಲ್ಲಿದ್ದಾಗ ಇಂಟೆಲ್‌ನ ಇ1000ಇ ನೆಟ್‌ವರ್ಕ್ ಕಾರ್ಡ್‌ಗಳು ಕೆಡೋಕೆ ಶುರುವಾದವು. ಅನುಮಾನ ಬಿದ್ದದ್ದು ಕಾರ್ಡಿನ ಡ್ರೈವರ್ ಮೇಲೆ, ಕಡೆಗೆ ಸಿಕ್ಕಿಬಿದ್ದದ್ದು ಎಫ್‌ಟ್ರೇಸ್. ಮೆಮೊರಿಯಿಂದ ಖಾಲಿಯಾಗಿ ಹೋಗಿದ್ದ ಕೋಡ್‌ನ ವಿಳಾಸವನ್ನು ಅದು ಇನ್ನೂ ಇಟ್ಟುಕೊಂಡಿತ್ತು. ಆಮೇಲೆ ಅದೇ ವಿಳಾಸಕ್ಕೆ ಕಾರ್ಡಿನ ಫ್ಲಾಶ್ ಬಂದು ಕೂತಿತ್ತು. ‘ಹಳೇದು ಹಾಗೇ ಇದ್ರೆ ಮಾತ್ರ ಬದಲಿಸು’ ಅನ್ನೋ ಸೂಚನೆಯನ್ನೇ ಬಳಸಿದ್ದರು. ಆದರೆ ಹೋಲಿಕೆ ತಾಳೆಯಾಗದಿದ್ದರೂ ಪ್ರೊಸೆಸರ್ ಅಲ್ಲಿಗೆ ಒಂದು ಸಲ ಬರೆದೇ ಬರೆಯುತ್ತೆ. ಮಾಮೂಲಿ ಮೆಮೊರಿಗೆ ಅದರಿಂದ ಏನೂ ಆಗಲ್ಲ, ಫ್ಲಾಶ್ ಮಾತ್ರ ಕೆಟ್ಟುಹೋಯ್ತು. 2.6.27.1ರಲ್ಲಿ ಆ ಭಾಗವನ್ನೇ ಆಫ್ ಮಾಡಬೇಕಾಯ್ತು.

ಈ ಕಥೆಯನ್ನ ಹೊಸದಾಗಿ ಸೇರೋ ಹುಡುಗರಿಗೆಲ್ಲ ನಾನೇ ರಸವತ್ತಾಗಿ ಹೇಳ್ತಿದ್ದೆ. ಅದೇ ತಮಾಷೆ.

ನಮ್ಮ ಡಬ್ಬಿಯೊಳಗಿನ ಕರ್ನಲನ್ನು 5.10ರಿಂದ 5.15ಕ್ಕೆ ಏರಿಸ್ತಾ ಇದ್ವಿ. ಎಫ್‌ಟ್ರೇಸ್‌ಗೆ ನಾವೇ ಬರೆದುಕೊಂಡಿದ್ದ ಒಂದು ಕಾಲ್‌ಬ್ಯಾಕ್ ಇತ್ತು. 5.11ರಲ್ಲಿ ಕಾಲ್‌ಬ್ಯಾಕ್‌ಗೆ ಬರೋ ಆರ್ಗ್ಯುಮೆಂಟಿನ ಟೈಪ್ ಬದಲಾಯ್ತು. ಕಂಪೈಲರ್ ಗಲಾಟೆ ಮಾಡ್ತು, ಟೀಮಿಗೆ ಸೇರಿ ಐದು ತಿಂಗಳಾಗಿದ್ದ ಹುಡುಗ ಆ ಸಾಲು ಸರಿಮಾಡಿ ಕಳಿಸಿದ. ನಾನು ನೋಡಿದ್ದು ಅದನ್ನೇ.

ನೋಡದೆ ಬಿಟ್ಟದ್ದು ಬೇರೆ. ಅದೇ 5.11ರಲ್ಲಿ ಇನ್ನೊಂದು ನಿಯಮ ತಿರುಗುಮುರುಗಾಗಿತ್ತು. ಮೊದಲು ನೀವು ‘ಬೇಡ’ ಅನ್ನದೇ ಇದ್ದರೆ ಕರ್ನಲ್ಲೇ ರಿಕರ್ಶನ್‌ನಿಂದ ಕಾಪಾಡ್ತಿತ್ತು. ಈಗ ನೀವು ‘ಬೇಕು’ ಅಂತ ಫ್ಲ್ಯಾಗ್ ಹಾಕಿ ಕೇಳಿದರೆ ಮಾತ್ರ. ನಮ್ಮ ಕೋಡ್‌ನಲ್ಲಿ ಆ ಜಾಗದಲ್ಲಿ ಮುಂಚೆನೂ ಏನೂ ಇರಲಿಲ್ಲ, ಈಗಲೂ ಇಲ್ಲ. ಅದೇ ಖಾಲಿ ಜಾಗಕ್ಕೆ ಅರ್ಥ ಮಾತ್ರ ಉಲ್ಟಾ ಆಗಿತ್ತು. ಇದಕ್ಕೆ ಕಂಪೈಲರ್ ತುಟಿ ಬಿಚ್ಚಲ್ಲ, ಡಿಫ್‌ನಲ್ಲೂ ಕಾಣಲ್ಲ.

ಗೇಟಿನಲ್ಲಿ ಹೋಗಿ ಬರೋರ ಹೆಸರು ಬರ್ಕೊಳ್ಳೋ ವಾಚ್‌ಮನ್ ಇದ್ದಾನೆ ಅಂದ್ಕೊಳ್ಳಿ. ಪೆನ್ನು ಒಳಗಿದೆ. ತರೋಕೆ ಅವನೇ ಗೇಟು ದಾಟಬೇಕು. ದಾಟಿದ ಮೇಲೆ ತನ್ನ ಹೆಸರೂ ಬರೀಬೇಕು, ಅದಕ್ಕೂ ಪೆನ್ನು ಬೇಕು. ನಮ್ಮ ಕಾಲ್‌ಬ್ಯಾಕ್ ಕರೀತಿದ್ದ ಒಂದು ಫಂಕ್ಷನ್ನೇ ಟ್ರೇಸ್ ಆಗೋ ಪಟ್ಟಿಯಲ್ಲಿತ್ತು. ಲ್ಯಾಬಿನಲ್ಲಿ ನಾವು ಆರಿಸಿದ ನಾಲ್ಕೇ ಫಂಕ್ಷನ್ ಟ್ರೇಸ್ ಮಾಡಿದ್ದರಿಂದ ಗೊತ್ತಾಗಲಿಲ್ಲ. ಒಂದು ರಾತ್ರಿ ಗ್ರಾಹಕರ ಕಡೆಯವರು ಫಿಲ್ಟರ್ ತೆಗೆದು ಎಲ್ಲ ಫಂಕ್ಷನ್ನೂ ಟ್ರೇಸ್ ಮಾಡೋಕೆ ಹೊರಟರು. ಸ್ಟ್ಯಾಕ್ ತುಂಬಿ ಡಬ್ಬಿ ಮಲಗಿಬಿಡ್ತು.

ಮರುದಿನ ಕಾಲ್. ಹದಿನಾಲ್ಕು ಜನ. “ಹೂ ಮೇಡ್ ದಿಸ್ ಚೇಂಜ್?” ಅಂತ ಮೇಲಿನವರು ಕೇಳಿದರು. ಹುಡುಗ ಅನ್‌ಮ್ಯೂಟ್ ಮಾಡ್ಕೊಂಡು “ಐ ಡಿಡ್” ಅಂದ. ನನ್ನ ಹೆಸರು ಅವನ ಹೆಸರಿನ ಕೆಳಗಿನ ಸಾಲಿನಲ್ಲೇ ಇತ್ತು. ನಾನು ಮ್ಯೂಟ್‌ನಲ್ಲಿದ್ದೆ. ಕೈ ಮೌಸ್ ಮೇಲೇ ಇತ್ತು. ಕಾಲ್ ಮುಗಿಯೋವರೆಗೂ ಮ್ಯೂಟ್‌ನಲ್ಲೇ ಇದ್ದೆ.

ಆ ಸಂಜೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತಾಗ ತಾತ ನೆನಪಾದ. ನಮ್ಮ ತಾತ ಊರಿನ ನೀರುಗಂಟಿ. ಕೆರೆ ತೂಬು ಎತ್ತೋ ಮುಂಚೆ ಕಾಲುವೆ ಉದ್ದಕ್ಕೂ ಕಡೇ ಗದ್ದೆವರೆಗೆ ನಡ್ಕೊಂಡು ಹೋಗೋನು. ಒಮ್ಮೆ ನಾನೂ ಹಿಂದೆ ಬಿದ್ದಿದ್ದೆ. ಹಿಂದಿನ ದಿನ ಊರವರು ಏರಿ ಕಟ್ಟಿದ್ದ ಹೊಸ ಮಣ್ಣನ್ನು ತಾತ ಸರಿಯಾಗಿ ನೋಡಲೂ ಇಲ್ಲ. ಹುಲ್ಲು ಬೆಳೆದ ಹಳೇ ಬದುವಿನ ಹತ್ರ ಕುಕ್ಕರುಗಾಲಲ್ಲಿ ಕೂತು ಏಡಿ ಬಿಲ ಹುಡುಕ್ತಿದ್ದ. “ಗುದ್ದಲಿ ಬಿದ್ದಿರೋ ಜಾಗಾನ ಎಲ್ರೂ ನೋಡ್ತಾರೆ ಕಣ್ಲಾ. ಒಡೆಯೋದು ಗುದ್ದಲಿ ಹಾಕದೇ ಇರೋ ಕಡೆ” ಅಂದಿದ್ದ. ಬಿಇ ಮಾಡಿದ ನನಗೆ ಅದು ಅರ್ಥ ಆಗೋಕೆ ಒಂದು ಡಬ್ಬಿ ಮಲಗಬೇಕಾಯ್ತು.

ಮನೆಗೆ ಬಂದು ಹದಿನಾಲ್ಕು ಜನಕ್ಕೂ ಮೇಲ್ ಹಾಕಿದೆ. ರಿವ್ಯೂ ಮಾಡಿದ್ದು ನಾನು, 5.11ರ ಬದಲಾವಣೆ ಓದಬೇಕಿದ್ದವನು ನಾನು, ಐದು ತಿಂಗಳ ಹುಡುಗನಿಗೆ ಅದು ಗೊತ್ತಿರಬೇಕು ಅಂತ ನಿರೀಕ್ಷಿಸೋದೇ ತಪ್ಪು ಅಂತ ಬರೆದೆ. ಒಂದು ಫ್ಲ್ಯಾಗ್ ಸೇರಿಸಿ ಕೋಡ್ ಸರಿಹೋಯ್ತು. ಆದರೆ ಮೇಲ್‌ಗೆ ಬಂದ ಉತ್ತರ ಎರಡೇ. ಆ ಸಲದ ಅಪ್ರೈಸಲ್‌ನಲ್ಲಿ ಹುಡುಗನ ರೇಟಿಂಗ್ ಕಡಿಮೆಯೇ ಬಂತು. “ಬಿಡಿ ಅಣ್ಣ” ಅಂದ. ಬಿಡೋದು ಅವನ ದೊಡ್ಡತನ. ಕಾಲ್‌ನಲ್ಲಿ ಹೇಳಬೇಕಾದ್ದನ್ನ ಮೇಲ್‌ನಲ್ಲಿ ಹೇಳಿದರೆ ಅಷ್ಟೇ ತೂಕ ಇರಲ್ಲ ಅಂತ ನನಗೂ ಗೊತ್ತು.

ಹೋದ ವಾರ ಅವನೇ ಇನ್ನೊಂದು ಪ್ಯಾಚ್ ಕಳಿಸಿದ. ಮೂರು ಸಾಲು. ಅದರಲ್ಲಿಲ್ಲದ ಒಂದು ಫಂಕ್ಷನ್ ಬಗ್ಗೆ ಕೇಳಿದೆ.

“ಅದನ್ನ ನಾನು ಮುಟ್ಟೇ ಇಲ್ವಲ್ಲ ಅಣ್ಣ?”

“ಅದಕ್ಕೇ ಕೇಳ್ತಿರೋದು ಕಣೋ.”

ಕುರ್ಚಿ ಎಳ್ಕೊಂಡು ಬಂದು ಪಕ್ಕದಲ್ಲಿ ಕೂತ. ಇಬ್ಬರೂ ಸೇರಿ ಮುಕ್ಕಾಲು ಗಂಟೆ ಮುಟ್ಟದ ಕೋಡನ್ನೇ ಓದಿದ್ವಿ. ಏನೂ ಸಿಗಲಿಲ್ಲ. ಕ್ಯಾಂಟೀನ್‌ನಲ್ಲಿ ಅನ್ನ ಖಾಲಿಯಾಗಿತ್ತು. ಕೆಳಗಿಳಿದು ರಸ್ತೆ ಬದಿಯ ಗಾಡಿಯಲ್ಲಿ ಚಿತ್ರಾನ್ನ ತಿಂದು ಬಂದು, ಆಮೇಲೆ ಅಪ್ರೂವ್ ಮಾಡಿದೆ.