ದಾಳ ಉರುಳಿಸಿ ನೋಡುವ ಊರು

ಅಮೆರಿಕದ ಅತಿ ಚಿಕ್ಕ ರಾಜ್ಯ ರೋಡ್ ಐಲೆಂಡ್. ಅದರ ರಾಜಧಾನಿ ಪ್ರಾವಿಡೆನ್ಸ್, ಬಾಸ್ಟನ್‌ನಿಂದ ಸುಮಾರು 80 ಕಿ.ಮೀ. ರೈಲು ನಿಲ್ದಾಣದಿಂದ ನಡೆದೇ ಕಾಲೇಜ್ ಹಿಲ್ ಗುಡ್ಡವನ್ನು ಹತ್ತಬಹುದು. ಇಳಿಜಾರಿನಲ್ಲಿ ಸಿಗುವುದು ಬೆನಿಫಿಟ್ ಸ್ಟ್ರೀಟ್. ಇಕ್ಕೆಲಗಳಲ್ಲಿ ಹದಿನೆಂಟು, ಹತ್ತೊಂಬತ್ತನೆಯ ಶತಮಾನದ ಮನೆಗಳು. ಹಗಲಿನಲ್ಲಿ ಇದು ಚೆಂದದ, ಸದ್ದಿಲ್ಲದ ಬೀದಿ. ಭಯಾನಕ ಕಥೆಗಳ ಅಭಿಮಾನಿಗಳಿಗೆ ಮಾತ್ರ ಇದು ಎದೆ ನಡುಗಿಸುವ ತಾಣ!

ಇದಕ್ಕೆ ಕಾರಣ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್. 1890ರಲ್ಲಿ ಇಲ್ಲಿ ಹುಟ್ಟಿ 1937ರಲ್ಲಿ ಇಲ್ಲೇ ಬಡತನದಲ್ಲಿ ತೀರಿಕೊಂಡ. ಈ ಬೀದಿಯ 135ನೇ ನಂಬರಿನ ಮನೆಯನ್ನೇ ಇಟ್ಟುಕೊಂಡು 1924ರಲ್ಲಿ ಒಂದು ಕಥೆ ಬರೆದ. ಸ್ವಾನ್ ಪಾಯಿಂಟ್ ಸ್ಮಶಾನದಲ್ಲಿ ಅವನ ಹೆಸರಿನ ಕಲ್ಲನ್ನು 1977ರಲ್ಲಿ ನಿಲ್ಲಿಸಿದವರು ಅಭಿಮಾನಿಗಳು.

ಅವನ ಕಥಾಲೋಕವನ್ನು ಆಧರಿಸಿ ಸ್ಯಾಂಡಿ ಪೀಟರ್ಸನ್ ರಚಿಸಿದ 'ಕಾಲ್ ಆಫ್ ಕ್ಥುಲ್ಹು' ಆಟವನ್ನು ಕೆಯಾಸಿಯಂ ಸಂಸ್ಥೆ 1981ರಲ್ಲಿ ಹೊರತಂದಿತು. ಹಾವು ಏಣಿಯಂತೆ ಇದಕ್ಕೆ ಪಟ ಬೇಕಿಲ್ಲ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಪತ್ರಕರ್ತ, ವೈದ್ಯ, ಪ್ರಾಧ್ಯಾಪಕ ಹೀಗೆ ಒಂದೊಂದು ಪಾತ್ರ. ಹತ್ತು ಮುಖದ ಎರಡು ದಾಳಗಳನ್ನು ಉರುಳಿಸಿದರೆ 1ರಿಂದ 100ರೊಳಗಿನ ಸಂಖ್ಯೆ ಬರುತ್ತದೆ. ಅದು ನಿಮ್ಮ ಕೌಶಲದ ಅಂಕವನ್ನು ಮೀರದಿದ್ದರೆ ಗೆದ್ದಿರಿ. ಮನಸ್ಸಿನ ಸ್ಥಿಮಿತಕ್ಕೂ ಅಂಕವುಂಟು. ಘೋರವಾದದ್ದನ್ನು ಕಂಡಂತೆಲ್ಲ ಅದು ಕರಗುತ್ತದೆ.

ದೊಡ್ಡ ಕಥಾನಕಗಳು ವಾರಗಟ್ಟಲೆ ನಡೆಯುತ್ತವೆ. ಓದುವ ಹುಡುಗರಿಗೆ ಅಷ್ಟು ಪುರಸೊತ್ತೆಲ್ಲಿ? ಹಾಗಾಗಿ ಅಭಿಮಾನಿಗಳೇ ಒಂದು ಸಂಜೆಗೆ, ಮೂರು-ನಾಲ್ಕು ಗಂಟೆಗೆ ಮುಗಿಯುವ ಪುಟ್ಟ ಕಥಾನಕಗಳನ್ನು ಹೆಣೆಯುತ್ತಾರೆ. ಒಂದು ಜಾಗ, ಒಂದು ರಹಸ್ಯ, ನಾಲ್ಕಾರು ಸುಳಿವು, ಒಂದು ಗಡುವು. ಮುಖ್ಯ ಸುಳಿವಿಗೆ ಎರಡು-ಮೂರು ದಾರಿಗಳಿರಬೇಕು. ಒಂದು ದಾಳ ಕೈಕೊಟ್ಟರೆ ಕಥೆಯೇ ನಿಲ್ಲಬಾರದು. ಇಂಥವನ್ನು ಪ್ರಕಟಿಸಿ ಮಾರಲು ಸಂಸ್ಥೆಯೇ 2017ರಲ್ಲಿ ಅಭಿಮಾನಿಗಳಿಗೆ ಅವಕಾಶ ಮಾಡಿಕೊಟ್ಟಿತು.

ಆದರೆ ಈ ಊರಿನಲ್ಲಿ ಬರೆಯುವವರಿಗೆ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ಲವ್‌ಕ್ರಾಫ್ಟ್ ಕರಿಯರನ್ನೂ ವಲಸಿಗರನ್ನೂ ದ್ವೇಷಿಸಿದವನು. ಅವನ ಕಥೆಗಳಲ್ಲಿ ಕೇಡು ಎಷ್ಟೋ ಸಲ ಹೊರಗಿನವರ ರೂಪದಲ್ಲೇ ಬರುತ್ತದೆ. ನಿಜವಾದ ಕೇಡು ಊರೊಳಗೇ ಇತ್ತು. ಇಲ್ಲಿನ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಬ್ರೌನ್ ಮನೆತನದ ಸೋದರರು 1764ರಲ್ಲಿ 'ಸ್ಯಾಲಿ' ಎಂಬ ಹಡಗನ್ನು ಆಫ್ರಿಕಾಕ್ಕೆ ಕಳಿಸಿದರು. ಕೊಂಡ 196 ಜನರಲ್ಲಿ ಕನಿಷ್ಠ 109 ಮಂದಿ ಸತ್ತರು. ಆ ಯಾನದ ಲೆಕ್ಕದ ಪುಸ್ತಕ ಇಂದಿಗೂ ಉಳಿದಿದೆ. ವಿಶ್ವವಿದ್ಯಾಲಯವೇ 2006ರ ತನ್ನ ವರದಿಯಲ್ಲಿ ಈ ಚರಿತ್ರೆಯನ್ನು ಬಿಚ್ಚಿಟ್ಟಿತು. ಯಾವ ದೆವ್ವದ ಕಥೆ ಇದಕ್ಕಿಂತ ಭಯಂಕರ?

ಮಕ್ಕಳು ಇಂಥ ಆಟಕ್ಕೆ ಕುಳಿತರೆ ತಂದೆತಾಯಿಗಳಿಗೆ ಆತಂಕ ಸಹಜ. ಭಯದ ಕಥೆ ತೀರ ಎಳೆಯರಿಗೆ ಸಲ್ಲದು. ಯಾವುದು ಬೇಡವೆಂದು ಆಟಕ್ಕೆ ಮುಂಚೆಯೇ ಮಾತಾಡಿಕೊಳ್ಳುವುದು ಒಳ್ಳೆಯದು. ಆದರೆ ಕಥಾನಕ ಬರೆಯಹೊರಟ ಹುಡುಗ ಹಳೆಯ ನಕ್ಷೆ ಬಿಡಿಸುತ್ತಾನೆ, ಹಳೆಯ ಪತ್ರಿಕೆ ತಿರುವುತ್ತಾನೆ, ಈ ಮನೆಗೆ ದುಡ್ಡು ಎಲ್ಲಿಂದ ಬಂತೆಂದು ಕೇಳುತ್ತಾನೆ. ಅದು ಚರಿತ್ರೆಯ ಪಾಠವಲ್ಲದೆ ಮತ್ತೇನು?

ಪ್ರಾವಿಡೆನ್ಸ್‌ಗೆ ಹೋದರೆ ಒಂದು ಮಾತು: 135ನೇ ನಂಬರಿನದು ಖಾಸಗಿ ಮನೆ. ಬೀದಿಯಿಂದಲೇ ನೋಡಿ ಮುಂದೆ ನಡೆಯಿರಿ.